ತಳಕ್ಕೆ ಕೈ ಹಾಕುವ ಹಮೀದಾ ಬೇಗಂ

ಹಮೀದಾ ಬೇಗಂ ‘ಥೂ’ ಅಂದಳೆಂದರೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರಾಶಿ ಹಾಕಿದ ಆ ಲಾಟಿನ ಕತೆ ಮುಗಿದ ಹಾಗೆಯೇ. ಗಂಡಸರೇ ತುಂಬಿರುವ ಆ ಜಾಗಕ್ಕೆ ಅವಳು ಬಂದು ನಿಂತದ್ದು ಶೋಕಿಗಲ್ಲ. ಗಂಡ ಖಾಜಾ ಪೀರ್ ರೇಷ್ಮೆ ಬಿಚ್ಚುವ ಘಟಕದ ಹಬೆಯಲ್ಲಿ ಇಪ್ಪತ್ತು ವರ್ಷ ನಿಂತು ಎದೆ ಕೆಡಿಸಿಕೊಂಡ. ಅವನು ಉಬ್ಬಸದಿಂದ ಮೂಲೆ ಹಿಡಿದ ಮೇಲೆ ಗೂಡು ಕೊಳ್ಳುವುದು, ಬೇಯಿಸುವುದು, ಕುದಿನೀರಿನ ಬಾಣಲೆಗೆ ಕೈಯಿಟ್ಟು ಎಳೆ ತೆಗೆಯುವುದು ಎಲ್ಲವೂ ಅವಳ ಪಾಲಿಗೆ ಬಂತು. ಈಗ ಅವಳಿಗೆ ಅರವತ್ತೈದು. ಘಟಕವನ್ನು ಮಗ ಉಮರ್ ಫಾರೂಕ್ ನೋಡಿಕೊಳ್ಳುತ್ತಾನೆ, ಆದರೆ ಗೂಡು ಆರಿಸುವ ಕೆಲಸವನ್ನು ಅವಳು ಇವತ್ತಿಗೂ ಅವನಿಗೆ ಬಿಟ್ಟುಕೊಟ್ಟಿಲ್ಲ.

ಲಾಟಿನ ಮೇಲಿರುವ ಗೂಡನ್ನು ಅವಳು ನೋಡುವುದೇ ಇಲ್ಲ. ಬಳೆ ಹಿಂದಕ್ಕೆ ಸರಿಸಿ, ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ಎತ್ತುತ್ತಾಳೆ. ಬೆರಳಲ್ಲಿ ಒತ್ತಿದರೆ ಯಾವುದು ಗಟ್ಟಿ, ಯಾವುದು ಜೊಳ್ಳು, ಯಾವುದರೊಳಗೆ ಹುಳ ಸತ್ತು ಕರಗಿದೆ, ಎಲ್ಲ ಗೊತ್ತಾಗುತ್ತದೆ. “ಮೇಲೆ ಥಳುಕು, ಒಳಗೆ ಹುಳುಕು. ತೋರ್ಸಕ್ಕೆ ಅಂತ ಇಟ್ಟಿರೋದನ್ನ ನೋಡೋನು ಪೆದ್ದ ಕಣಪ್ಪ,” ಎಂದು ಮಗನಿಗೆ ಸಾವಿರ ಸಲ ಹೇಳಿದ್ದಾಳೆ.

ಕೊಂಡಮ್ಮ ಅವಳಿಗೆ ಸಿಕ್ಕಿದ್ದೂ ಹಾಗೆಯೇ. ಇಪ್ಪತ್ತೈದು ವರ್ಷದ ಕೆಳಗೆ, ಮಂಡಿಕಲ್ ಕಡೆಯ ಹಳ್ಳಿಯಿಂದ ಗಂಡ ನರಸಿಂಹಪ್ಪನ ಜೊತೆ ಗೂಡು ತಂದಿದ್ದಳು. ಮೇಲೆಲ್ಲ ಹಾಲಿನಂಥ ಗೂಡು. ಹಮೀದಾ ತಳಕ್ಕೆ ಕೈ ಹಾಕಿದರೆ ಕೈಗೆಲ್ಲ ಕಂದು ರಸ. ‘ಥೂ’ ಅಂದಳು. ಕೊಂಡಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಜಗಳಕ್ಕೇ ಬಂದಳು. ಹತ್ತು ನಿಮಿಷ ಇಬ್ಬರೂ ಒಬ್ಬರ ಜನ್ಮ ಒಬ್ಬರು ಜಾಲಾಡಿದರು. ಕೊನೆಗೆ ಕೊಂಡಮ್ಮನಿಗೇ ನಗು ತಡೆಯಲಿಲ್ಲ. “ಅಯ್ಯೋ ದೇವುಡಾ, ಕೆಳಗಿಟ್ಟಿದ್ದು ನಾನೇ ಕಣಮ್ಮ. ನಮ್ಮೆಜಮಾನ್ರು ಬ್ಯಾಡ ಅಂದ್ರು,” ಎಂದುಬಿಟ್ಟಳು. ಸುಳ್ಳು ಸಿಕ್ಕಿಬಿದ್ದಾಗ ನಗುವ ಹೆಂಗಸನ್ನು ಹಮೀದಾ ಅದೇ ಮೊದಲು ನೋಡಿದ್ದು. ಅವತ್ತು ಹುಟ್ಟಿದ ಸ್ನೇಹ. ಆಮೇಲೆ ಪ್ರತಿ ಬೆಳೆಗೂ ಕೊಂಡಮ್ಮ ಬರುವಳು, ಇವಳ ಮನೆಯಲ್ಲಿ ಚಹಾ ಕುಡಿಯುವಳು, ಹೋಗುವಾಗ ಎಲೆ ಅಡಿಕೆಯ ಚೀಲ ಮರೆತು ಹೋಗುವಳು.

ರೇಷ್ಮೆ ಬಿಚ್ಚುವ ಕೇರಿಯ ವಾಸನೆ ಗೊತ್ತಿದ್ದವರಿಗೇ ಗೊತ್ತು. ಬೆಂದ ಹುಳದ ನಾತ. ಚಿಂತಾಮಣಿಯಿಂದ ಬರುವ ನೆಂಟರು ಮೂಗಿಗೆ ದುಪಟ್ಟಾ ಒತ್ತಿಕೊಂಡೇ ಬಾಗಿಲು ದಾಟುತ್ತಾರೆ. ಹಮೀದಾಗೆ ನಲವತ್ತು ವರ್ಷದಲ್ಲಿ ಒಂದು ದಿನವೂ ಅದು ಹೇಸಿಗೆ ಅನ್ನಿಸಿಲ್ಲ. ಹೇಸಿಗೆ ಎಂದರೇನು ಅಂತ ಅವಳು ಕಲಿತದ್ದು ಬೇರೆ ಕಡೆ, ಶಾಮಿಯಾನ ಹಾಕಿ, ಕುರ್ಚಿ ಜೋಡಿಸಿ, ಬಾಗಿಲಲ್ಲಿ ಪನ್ನೀರು ಚಿಮುಕಿಸಿದ್ದ ಒಂದು ಜಾಗದಲ್ಲಿ.

ಎರಡು ವರ್ಷದ ಹಿಂದಿನ ಮಾತು. ದಸರೆಗೆ ಇನ್ನೇನು ಹದಿನೈದು ದಿನವಿತ್ತು. ಚಹಾ ಕುಡಿದು ಲೋಟ ಕೆಳಗಿಟ್ಟ ಕೊಂಡಮ್ಮ, ಹತ್ತಿರದಲ್ಲಿ ಗಂಡಸರು ಯಾರೂ ಇಲ್ಲವೆಂದು ನೋಡಿಕೊಂಡು, ಹಮೀದಾಳ ಕೈ ಹಿಡಿದು ತನ್ನ ಎಡ ಎದೆಯ ಪಕ್ಕಕ್ಕೆ ಒತ್ತಿದಳು.

“ಇದೇನು ಅಂತ ನೋಡೇ. ನಿನ್ ಕೈಗೆ ತಿಳೀತದೆ.”

ರವಿಕೆಯ ಮೇಲಿಂದಲೇ ಸಿಕ್ಕಿತು. ಗಟ್ಟಿಯಾಗಿತ್ತು, ಒತ್ತಿದರೆ ಜರುಗಲಿಲ್ಲ.

“ನೋವೈತಾ?”

“ಇಲ್ಲ ಕಣೇ. ಅದಕ್ಕೇ ಯಾರ್ಗೂ ಹೇಳಿಲ್ಲ. ನೋವಿಲ್ದಿದ್ದಕ್ಕೆ ಏನಂತ ಹೇಳ್ಲಿ, ಅದೂ ಈ ಜಾಗದಾಗೆ?”

ಹಮೀದಾ ಇನ್ನೊಮ್ಮೆ ಒತ್ತಿ ನೋಡಿದಳು. ಆ ವಾರವೇ ಬಸ್ ನಿಲ್ದಾಣದ ಹತ್ತಿರದ ಕಲ್ಯಾಣ ಮಂಟಪದಲ್ಲಿ ಮಹಿಳೆಯರ ಕ್ಯಾನ್ಸರ್ ತಪಾಸಣಾ ಶಿಬಿರವೆಂದು ಆಟೋದಲ್ಲಿ ಕೂಗಿಕೊಂಡು ಹೋಗಿದ್ದರು. ಯಾವುದೋ ಟ್ರಸ್ಟಿನವರು ವಹಿಸಿಕೊಂಡು ನಡೆಸುತ್ತಿದ್ದ ಶಿಬಿರ. “ಸುಮ್ನೆ ನಡಿ,” ಎಂದು ಕೊಂಡಮ್ಮನನ್ನು ಮಾರನೆಯ ದಿನವೇ ಎಳೆದುಕೊಂಡು ಹೋದಳು.

ಮಂಟಪದ ಮುಂದೆ ಆಳುದ್ದದ ಗುಲಾಬಿ ಫ್ಲೆಕ್ಸು. ಅದರಲ್ಲಿ ಒಂದು ಡಜನ್ ಗಂಡಸರ ಮುಖ, ಎಲ್ಲರೂ ಕೈ ಮುಗಿದಿದ್ದಾರೆ. ಹೆಂಗಸಿನ ಮುಖ ಹುಡುಕಿದರೂ ಇಲ್ಲ. ಬಂದವರಿಗೆ ಒಂದೊಂದು ಪ್ಲಾಸ್ಟಿಕ್ ಡಬ್ಬಿ, ಒಂದು ಲೋಟ ಬಾದಾಮಿ ಹಾಲು, ಡಬ್ಬಿ ಹಿಡಿದುಕೊಂಡು ಒಂದು ಫೋಟೋ. ಮೇಜಿನ ಹಿಂದೆ ಟ್ಯಾಬ್ ಇಟ್ಟುಕೊಂಡು ರಮೇಶ್‌ಬಾಬು ಎಂಬ ನೌಕರ ಕೂತಿದ್ದ. ಕೊಂಡಮ್ಮನ ಆಧಾರ್ ಕಾರ್ಡು ನೋಡಿ ಹಿಂದಕ್ಕೆ ತಳ್ಳಿದ.

“ಅರವತ್ತೇಳು. ಆಗಲ್ಲಮ್ಮ. ಮೂವತ್ತರಿಂದ ಅರವತ್ತೈದು ಅಷ್ಟೆ.”

ಇಲ್ಲೊಂದು ಮಾತು ಹೇಳಲೇಬೇಕು. ಕೊಂಡಮ್ಮನಿಗೆ ಆಗ ಅರವತ್ತೊಂದೇ. ಆರು ವರ್ಷದ ಹಿಂದೆ ಅವರೂರಿನ ಆವಲಪ್ಪ, ಅರ್ಜಿ ಬರೆದುಕೊಡುವ ಮಹಾನುಭಾವ, ವೃದ್ಧಾಪ್ಯ ಪಿಂಚಣಿ ಬೇಗ ಕೊಡಿಸುತ್ತೇನೆಂದು ಒಂದೇ ಮಧ್ಯಾಹ್ನದಲ್ಲಿ ಐವತ್ತೈದರ ಹೆಂಗಸನ್ನು ಅರವತ್ತೊಂದು ಮಾಡಿದ್ದ. ಆ ಓಣಿಯಲ್ಲಿ ಅರ್ಧ ಹೆಂಗಸರು ಹಾಗೆ ರಾತ್ರೋರಾತ್ರಿ ಮುದುಕಿಯರಾದವರೇ. ಹುಟ್ಟಿದ ತಾರೀಖು ಯಾರಿಗೆ ಗೊತ್ತಿತ್ತು? ಬರಗಾಲದ ವರ್ಷ ಹುಟ್ಟಿದೆ ಎಂದರೆ ಯಾವ ಕಂಪ್ಯೂಟರು ಕೇಳುತ್ತದೆ?

“ಅದು ಪಿಂಚಣಿಗೆ ಬರ್ಸಿದ್ದು ಕಣಪ್ಪ, ಇವಳಿಗೆ ಅಷ್ಟಾಗಿಲ್ಲ,” ಅಂದಳು ಹಮೀದಾ.

“ಕಾರ್ಡಲ್ಲಿ ಐತಲ್ಲಮ್ಮ.”

“ಆಯ್ತು, ಆಗಿದೆ ಅಂತಾನೇ ಇಟ್ಕೋ. ಅರವತ್ತೈದು ದಾಟಿದ ತಕ್ಷಣ ಎದೆ ಉದುರಿ ಹೋಗ್ತದೇನು? ಇವಳಿಗೆ ಗಂಟು ಐತೆ ಅಂತಿದೀನಿ!”

ಹಿಂದಿನ ಸಾಲಿನ ಹೆಂಗಸರು ಕಿಸಕ್ಕೆಂದರು. ರಮೇಶ್‌ಬಾಬು ಕೆಂಪಾದ. “ನಂಗೆ ಯಾಕಮ್ಮ ಬಯ್ತೀರ? ವಯಸ್ಸು ಹಾಕಿದ್ರೆ ಟ್ಯಾಬ್ ಮುಂದಕ್ಕೇ ಹೋಗಲ್ಲ. ಇದು ದೇಶಕ್ಕೆಲ್ಲ ಒಂದೇ ರೂಲ್ಸು. ಅರವತ್ತೈದು ಆದ್ಮೇಲೆ ಈ ತಪಾಸಣೆ ಬೇಕಾಗಿಲ್ಲ ಅಂತ ಸರ್ಕಾರವೇ ಹೇಳಿರೋದು. ನೆಕ್ಸ್ಟ್!”

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ಹಾಗಾಯಿತು. ಹಮೀದಾ ಬಾಯಿ ತೆರೆಯುವಷ್ಟರಲ್ಲಿ ಕೊಂಡಮ್ಮನೇ ಅವಳ ತೋಳು ಹಿಡಿದು ಪಕ್ಕಕ್ಕೆ ಎಳೆದಳು. ಅವಳ ಮುಖ ನೋಡಿದರೆ ಬೇಸರದ ಗುರುತೇ ಇಲ್ಲ, ಹೊರೆ ಇಳಿದವಳ ಹಾಗಿದ್ದಳು.

“ನೋಡ್ದಾ, ನಮ್ಮಂಥೋರ್ಗೆ ಬೇಕಾಗಿಲ್ವಂತೆ. ವಯಸ್ಸಾದ್ಮೇಲೆ ಇದು ಬರಲ್ಲ ಅಂತ ತಾನೆ ಅರ್ಥ? ಸುಮ್ನೆ ಭಯ ಬಿದ್ವಿ.”

“ನಿಂಗೆಲ್ಲಿ ವಯಸ್ಸಾಗಿದೆಯೇ, ಹುಚ್ಚಿ!”

“ಕಾರ್ಡಲ್ಲಿ ಐತಲ್ಲೇ,” ಅಂದಳು ಕೊಂಡಮ್ಮ. ಆರು ವರ್ಷ ಪಿಂಚಣಿ ತಿಂದು ಆ ವಯಸ್ಸು ಅವಳ ಮೈಗೂ ಹತ್ತಿಬಿಟ್ಟಿತ್ತು.

ಹಮೀದಾ ಸೋಲುವವಳಲ್ಲ. ಅವಳ ಕಾರ್ಡಿನಲ್ಲಿ ಅರವತ್ತಮೂರಿತ್ತು, ನಿಜವಾದ ವಯಸ್ಸೂ ಅಷ್ಟೇ. ಮತ್ತೆ ಸಾಲಿನಲ್ಲಿ ನಿಂತು ತನ್ನ ಹೆಸರು ಬರೆಸಿ, ಮೂವತ್ತೇಳನೇ ನಂಬರಿನ ಚೀಟಿ ಇಸಕೊಂಡಳು. ಕಂಬದ ಮರೆಗೆ ಬಂದು ಚೀಟಿಯನ್ನು ಕೊಂಡಮ್ಮನ ಕೈಗೆ ತುರುಕಿದಳು. “ಒಳಗೆ ನರ್ಸ್ ಅವಳೆ. ಹಮೀದಾ ಬೇಗಂ ಅಂದ್ರೆ ಹ್ಞೂಂ ಅನ್ನು. ಬಾಕಿ ಅವಳ ಕೈ ಹೇಳ್ತದೆ. ಹೋಗೇ, ನನ್ನಾಣೆ.”

ಕೊಂಡಮ್ಮ ನಾಚಿಕೊಂಡು, ನಕ್ಕು, ಕೊನೆಗೆ ಪರದೆಯ ಹಿಂದೆ ಹೋದಳು. ಎಲೆ ಮಡಚಿ ಬಾಯಿಗಿಡುವಷ್ಟು ಹೊತ್ತಿನಲ್ಲಿ ಹೊರಗೆ ಬಂದಳು. ಒಂದು ಕೈಯಲ್ಲಿ ಪ್ಲಾಸ್ಟಿಕ್ ಡಬ್ಬಿ, ಮುಖ ತುಂಬ ನಗು.

“ಏಮೀ ಲೇದಂಟ! ಏನೂ ಇಲ್ವಂತೆ ಕಣೇ. ನಾರ್ಮಲ್ ಅಂತ ಬರ್ಕೊಂಡ್ರು.”

ಹಮೀದಾ ಎರಡೂ ಕೈ ಮೇಲೆತ್ತಿ ಅಲ್ಲಾಹುವಿಗೆ ಶುಕ್ರ್ ಹೇಳಿದಳು. ಸಂಜೆ ಅವಳ ಫೋನಿಗೆ ಸಂದೇಶವೂ ಬಂತು. ಮೊಮ್ಮಗಳು ಅರ್ಫಾ ಓದಿ ಹೇಳಿದಳು: ಹಮೀದಾ ಬೇಗಂ, ನಿಮ್ಮ ತಪಾಸಣೆ ಪೂರ್ಣಗೊಂಡಿದೆ, ಫಲಿತಾಂಶ ನಾರ್ಮಲ್. ಹೆಸರು ನನ್ನದು, ಎದೆ ಅವಳದು ಅಂತ ಹಮೀದಾ ಒಳಗೊಳಗೇ ನಕ್ಕಳು. ಸರ್ಕಾರದ ಕಣ್ಣಿಗೆ ಮಣ್ಣೆರಚಿ ಕೆಲಸ ಮಾಡಿಸಿಕೊಂಡೆ ಅನ್ನುವ ಜಂಬ ಬೇರೆ.

ಆಮೇಲೆ ಎರಡು ಬೆಳೆ ಗೂಡನ್ನು ನರಸಿಂಹಪ್ಪನೊಬ್ಬನೇ ತಂದ. “ಸೊಂಟ ಹಿಡ್ಕೊಂಡೈತೆ ಅಂತಾಳೆ,” ಅಂದ. ಬೇಸಿಗೆ ಕಳೆದರೂ ಕೊಂಡಮ್ಮ ಬರಲಿಲ್ಲ. ಜೂನ್ ತಿಂಗಳಲ್ಲಿ ಹಮೀದಾ ಮಗನ ಬೈಕಿನಲ್ಲಿ ಕೂತು ತಾನೇ ಆ ಹಳ್ಳಿಗೆ ಹೋದಳು.

ಹೊಸ್ತಿಲು ದಾಟಿದ ಕೂಡಲೇ ವಾಸನೆ ಬಂತು. ಬೆಂದ ಹುಳದ ನಾತವನ್ನು ನಲವತ್ತು ವರ್ಷ ಕುಡಿದ ಮೂಗು ಅದು, ಇದು ಬೇರೆ ಅಂತ ತಕ್ಷಣ ಹೇಳಿತು. ಕೊಂಡಮ್ಮ ಸೆರಗಿನೊಳಗೆ ಅರಿಶಿನ ಮೆತ್ತಿದ ಬಟ್ಟೆ ಇಟ್ಟುಕೊಂಡು ಗೋಡೆಗೆ ಒರಗಿದ್ದಳು. ಹಮೀದಾ ಕೇಳದೆ ಬಟ್ಟೆ ತೆಗೆದಳು. ಎದೆ ಒಡೆದು ಹುಣ್ಣಾಗಿತ್ತು. ಅದನ್ನು ನೋಡಿ ಅವಳಿಗೆ ಹೇಸಿಗೆಯಾಗಲಿಲ್ಲ. ಬಿಸಿನೀರು ತಂದು ಕೂತು ಒರೆಸಿದಳು. ಒರೆಸುತ್ತಾ ಬಯ್ದಳು.

“ಒಂದು ಮಾತು ಹೇಳಕ್ಕೇನಾಗಿತ್ತು ನಿಂಗೆ? ಬಾಯಿಗೆ ಬೀಗ ಹಾಕ್ಕೊಂಡಿದ್ದಾ?”

“ಯಾಕೆ ಹೇಳ್ಲಿ? ನಾರ್ಮಲ್ ಅಂದಿದ್ರಲ್ಲ. ಮೇಲಾಗಿ ಆಯಪ್ಪ ವಯಸ್ಸಾದೋರ್ಗೆ ಬೇಕಾಗಿಲ್ಲ ಅಂದಿದ್ದ. ಸೆಕೆಗೆ ಎದ್ದಿರೋ ಕುರು ಅಂದ್ಕೊಂಡೆ.”

ಆಗ ಹಮೀದಾ ಆ ಪ್ರಶ್ನೆ ಕೇಳಿದಳು. ಒಂಬತ್ತು ತಿಂಗಳು ತಡವಾಗಿ ಕೇಳಿದಳು.

“ಅವತ್ತು ಆ ನರ್ಸು ಮುಟ್ಟಿದ್ಳಾ?”

“ಎಲ್ಲಿ ಮುಟ್ತಾಳೆ? ಕುರ್ಚಿ ಬಿಟ್ಟು ಏಳ್ಲೇ ಇಲ್ಲ. ನೋವೈತಾ ಅಂದ್ಳು, ಇಲ್ಲ ಅಂದೆ. ರಸ ಬರ್ತೈತಾ ಅಂದ್ಳು, ಇಲ್ಲ ಅಂದೆ. ಬರ್ಕೊಂಡ್ಳು, ಕಳಿಸಿದ್ಳು. ಓದಿದೋರಲ್ವಾ, ನೋಡಿದ್ರೇ ತಿಳೀತದೇನೋ ಅಂದ್ಕೊಂಡೆ.”

ಹಮೀದಾಳ ಕೈ ಅಲ್ಲೇ ನಿಂತಿತು. ಕೊಂಡಮ್ಮನ ಹಣೆ ನೋಡಿದಳು. ಕಾಸಗಲ ಕುಂಕುಮ. ಅವತ್ತೂ ಇತ್ತು. ಕುಂಕುಮ ಇಟ್ಟ ಹಮೀದಾ ಬೇಗಂ ಎದುರಿಗೆ ಬಂದು ಕೂತರೆ ಆ ಹುಡುಗಿ ಹ್ಞೂಂ ಎನ್ನಿಸಿಕೊಂಡು ಬರೆದುಕೊಂಡಿದ್ದಳು. ಎದೆ ಮುಟ್ಟುವುದಿರಲಿ, ಕತ್ತೆತ್ತಿ ಮುಖವನ್ನೂ ನೋಡಿರಲಿಲ್ಲ!

ಥೂ! ಆದರೆ ಈ ಥೂ ಯಾರಿಗೆ? ನರ್ಸಿಗೆ, ಮೇಜಿನವನಿಗೆ, ಫ್ಲೆಕ್ಸಿನಲ್ಲಿ ಹಲ್ಲು ಕಿರಿದವರಿಗೆ ಇದ್ದೇ ಇತ್ತು. ಎಲ್ಲರಿಗಿಂತ ಹೆಚ್ಚು ಹೇಸಿಗೆ ಅವಳಿಗೆ ತನ್ನ ಮೇಲೆ ಆಯಿತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಮಜ್ಜಿಗೆಯಲ್ಲಿ ಬಿತ್ತಂತೆ. ಜೀವಮಾನವೆಲ್ಲ ತಳಕ್ಕೆ ಕೈ ಹಾಕದೆ ಒಂದು ಗೂಡು ಕೊಳ್ಳದವಳು, ಅವತ್ತು ಮೇಲಿಟ್ಟ ಒಂದು ‘ನಾರ್ಮಲ್’ ನೋಡಿ ಲಾಟನ್ನೇ ಹಿಡಿದುಬಿಟ್ಟಿದ್ದಳು. ಮುಟ್ಟಿದ್ಳಾ ಅಂತ ಕೇಳಲು ಎಷ್ಟು ಹೊತ್ತು ಬೇಕಿತ್ತು? ತನ್ನ ಬೆರಳಿಗೆ ಸಿಕ್ಕಿದ ಗಂಟು ಒಂದು ಚೀಟಿಗೆ ಹೇಗೆ ಕರಗಿಹೋಯಿತು? ಆ ಪ್ರಶ್ನೆ ಅವಳ ಹೊಟ್ಟೆಯಲ್ಲಿ ಇವತ್ತಿಗೂ ಹಾಗೇ ಕೂತಿದೆ.

ಮಾರನೆಯ ದಿನ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಅಮೃತ ಎಂಬ ಡಾಕ್ಟರು, ಚಿಕ್ಕ ವಯಸ್ಸಿನವಳು, ಮೊದಲು ಕೈ ತೊಳೆದುಕೊಂಡು ಮುಟ್ಟಿ ನೋಡಿದಳು. ಎದೆ, ಕಂಕುಳು, ಕತ್ತಿನ ಬುಡ ಎಲ್ಲ ನೋಡಿದಳು. ಆಮೇಲೆ ಹಮೀದಾಳನ್ನು ಪಕ್ಕಕ್ಕೆ ಕರೆದಳು.

“ಇಷ್ಟು ದಿನ ಯಾಕೆ ಬಿಟ್ರಿ?”

ಹಮೀದಾ ಕಾರ್ಡಿನ ಕತೆ, ವಯಸ್ಸಿನ ಕತೆ, ಚೀಟಿಯ ಕತೆ ಎಲ್ಲ ಹೇಳಿದಳು. ಡಾಕ್ಟರು ತಲೆ ಮೇಲೆ ಕೈ ಹೊತ್ತಳು.

“ಆ ಮೂವತ್ತು, ಅರವತ್ತೈದು ಅನ್ನೋದು ಏನೂ ತೊಂದ್ರೆ ಇಲ್ದೋರನ್ನ ನಾವೇ ಕರೆದು ನೋಡೋದಕ್ಕಮ್ಮ. ಗಂಟು ಐತೆ ಅಂತ ತಾವೇ ಬಂದವ್ರಿಗೆ ವಯಸ್ಸೇ ಇಲ್ಲ. ತೊಂಬತ್ತಾದ್ರೂ ನೋಡ್ಲೇಬೇಕು. ವಯಸ್ಸಾದವ್ರಿಗೆ ಬರಲ್ಲ ಅಂತ ಯಾರು ಹೇಳಿದ್ದು? ಅವತ್ತೇ ಸೀದಾ ಇಲ್ಲಿಗೆ ಬಂದಿದ್ರೆ ಆಗ್ತಿತ್ತಲ್ಲ.”

ಬಂದಿದ್ದರೆ ಆಗುತ್ತಿತ್ತು. ಶಿಡ್ಲಘಟ್ಟದಿಂದ ಎಷ್ಟು ದೂರ ಮಹಾ? ಬಸ್ಸು ಹತ್ತಿದರೆ ಒಂದು ನಿದ್ದೆ ತೆಗೆಯುವಷ್ಟೂ ದಾರಿಯಿಲ್ಲ. ಯಾರನ್ನು ಕರೆಯಬೇಕು ಅಂತ ಡೆಲ್ಲಿಯಲ್ಲಿ ಬರೆದ ಸಾಲು, ಶಿಡ್ಲಘಟ್ಟದ ಮೇಜಿಗೆ ಬರುವಷ್ಟರಲ್ಲಿ ಯಾರನ್ನು ಓಡಿಸಬೇಕು ಅಂತ ಆಗಿತ್ತು. ‘ಇಲ್ಲಿ ಆಗಲ್ಲಮ್ಮ, ದೊಡ್ಡಾಸ್ಪತ್ರೆಗೆ ಹೋಗಿ ತೋರ್ಸಿ’ ಎಂಬ ಒಂದು ಮಾತು ಆ ರಮೇಶ್‌ಬಾಬುವಿನ ಬಾಯಿಂದ ಬಂದಿದ್ದರೆ ಸಾಕಿತ್ತು. ಅಷ್ಟು ಹೇಳಲು ಅವನಿಗೆ ಟ್ಯಾಬಿನ ಅಪ್ಪಣೆ ಬೇಕಿರಲಿಲ್ಲ.

ಬೆಂಗಳೂರಿನ ಆಸ್ಪತ್ರೆಗೆ ಓಡಾಡಿದರು. ಔಷಧಿ ಏರಿಸಿದರು. ಸೊಂಟ ಹಿಡಿದುಕೊಂಡದ್ದು ವಾಯುವಲ್ಲ, ರೋಗ ಬೆನ್ನುಮೂಳೆಗೆ ಇಳಿದಿತ್ತು. ಕೂದಲು ಉದುರಿದ ತಲೆಗೆ ಹಮೀದಾ ತನ್ನದೊಂದು ದುಪಟ್ಟಾ ಕಟ್ಟಿದಳು. ಕನ್ನಡಿ ನೋಡಿಕೊಂಡು ಕೊಂಡಮ್ಮ, “ಈಗ ನೋಡು, ನಿಜವಾಗ್ಲೂ ಹಮೀದಾ ಬೇಗಂ ಆದೆ,” ಅಂದು ನಕ್ಕಳು. ಹಮೀದಾಗೆ ನಗು ಬರಲಿಲ್ಲ. ಶಿವರಾತ್ರಿ ಕಳೆದ ಮೂರನೇ ದಿನ ಕೊಂಡಮ್ಮ ಹೋದಳು.

ಹನ್ನೊಂದನೆಯ ದಿನಕ್ಕೆ ಕೊಂಡಮ್ಮನ ಮಗ ವೇಣು ಊರ ಬಾಗಿಲಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸು ಕಟ್ಟಿಸಿದ್ದ. ಫೋಟೋದ ಕೆಳಗೆ ‘ವಯಸ್ಸು ೬೮’ ಎಂದಿತ್ತು. ಕಾರ್ಡು ನೋಡಿ ಬರೆಸಿದ್ದಾನೆ, ಪಾಪ. ಅಷ್ಟು ಜನರ ನಡುವೆ ಹಮೀದಾ ಜೋರಾಗಿಯೇ ಅಂದಳು: “ಥೂ! ಅರವತ್ತೆರಡು ಕಣೋ ಅವಳಿಗೆ. ಸತ್ತ ಮೇಲಾದ್ರೂ ಅವಳ ವಯಸ್ಸು ಅವಳಿಗೆ ಕೊಡ್ರೋ!” ಆವಲಪ್ಪ ಊಟದ ಪಂಕ್ತಿಯಲ್ಲಿ ತಲೆ ಬಗ್ಗಿಸಿಕೊಂಡು ಸಾರು ಕಲಸುತ್ತಿದ್ದ.

ಈ ದಸರೆಗೆ ಮತ್ತೆ ಶಿಬಿರ ಬಂತು. ಅದೇ ಮಂಟಪ, ಅದೇ ಗುಲಾಬಿ ಫ್ಲೆಕ್ಸು, ಮುಖಗಳು ಮಾತ್ರ ಎರಡು ಹೆಚ್ಚಾಗಿದ್ದವು. ಹಮೀದಾ ಮನೆಯಿಂದಲೇ ಒಂದು ಪ್ಲಾಸ್ಟಿಕ್ ಸ್ಟೂಲು ಹೊತ್ತುಕೊಂಡು ಹೋಗಿ ಪರದೆಯ ಪಕ್ಕ ಹಾಕಿಕೊಂಡು ಕೂತಳು. ಹೆಸರು ಬರೆಸಲಿಲ್ಲ, ಹಾಲು ಮುಟ್ಟಲಿಲ್ಲ. ಒಳಗಿಂದ ಬರುವ ಪ್ರತಿ ಹೆಂಗಸನ್ನೂ ತಡೆದು ಒಂದೇ ಮಾತು ಕೇಳಿದಳು.

“ಮುಟ್ಟಿದ್ರಾ?”

“ಇಲ್ಲಮ್ಮ, ನಾರ್ಮಲ್ ಅಂದ್ರು.”

“ವಾಪಸ್ ಹೋಗು. ಮುಟ್ಟಿ ನೋಡ್ರಿ ಅನ್ನು. ಮುಟ್ಟೋ ತನ್ಕ ಏಳ್ಬೇಡ.”

ಆರು ಜನ ವಾಪಸ್ ಹೋದರು. ರಮೇಶ್‌ಬಾಬು ಎದ್ದು ಬಂದ. “ಏನಮ್ಮ ನಿಮ್ಮ ಗಲಾಟೆ? ನಿಮ್ ವಯಸ್ಸೆಷ್ಟು?” ಎಂದ.

“ನನ್ ವಯಸ್ಸು ಕಟ್ಕೊಂಡು ನಿಂಗೇನಾಗ್ಬೇಕು? ಅವತ್ತು ಒಬ್ಬಳ ವಯಸ್ಸು ಕೇಳಿ ಕಳಿಸಿದ್ಯಲ್ಲ, ಮಣ್ಣಿಗೆ ಹೋದ್ಲು. ಕೂತ್ಕೋ ಹೋಗು,” ಅಂದಳು. ಅವನು ಹೋಗಿ ಕೂತ.

ಏಳನೆಯವಳು ವಾಪಸ್ ಹೋದಾಗ ಪರದೆ ಸರಿಸಿ ನರ್ಸೇ ಹೊರಗೆ ಬಂದಳು. ಅದೇ ಹುಡುಗಿ, ಹರಿಣಿ ಅಂತ ಕೊರಳಿನ ಪಟ್ಟಿಯಲ್ಲಿತ್ತು. ಕಣ್ಣ ಕೆಳಗೆ ಕಪ್ಪಾಗಿತ್ತು. “ದಿನಕ್ಕೆ ಎಂಬತ್ತು ಮುಗಿಸ್ಬೇಕಮ್ಮ. ಒಬ್ಬೊಬ್ರಿಗೆ ಹತ್ತು ನಿಮಿಷ ಕೊಟ್ರೆ ಎಲ್ಲಿಂದ ಮುಗಿಸ್ಲಿ? ಯಾರು ನೀವು?”

“ಎರಡು ವರ್ಷದ ಕೆಳಗೆ ನಿನ್ ಮುಂದೆ ಕೂತಿದ್ದೆ. ಮೂವತ್ತೇಳನೇ ಚೀಟಿ, ಹಮೀದಾ ಬೇಗಂ. ನಾರ್ಮಲ್ ಅಂತ ನೀನೇ ಬರ್ದೆ. ಮುಖ ನೆನಪಿಲ್ವಾ?”

ಹರಿಣಿ ಕಣ್ಣು ಕಿರಿದು ಮಾಡಿ ನೋಡಿದಳು. “ಇಲ್ಲಮ್ಮ.”

“ಹೇಗಿರ್ತದೆ? ನನ್ನ ಹಣೆ ಮೇಲೆ ಅವತ್ತು ಇಷ್ಟಗಲ ಕುಂಕುಮ ಇತ್ತು.”

ಹರಿಣಿ ಹಮೀದಾಳ ಬರಿ ಹಣೆ ನೋಡಿದಳು, ಕಪ್ಪು ದುಪಟ್ಟಾ ನೋಡಿದಳು. ಆಗ ಅರ್ಥವಾಯಿತು. “ಅವ್ರು… ಈಗ ಹೇಗಿದಾರೆ?” ಅಂದಳು.

“ಇಲ್ಲ.”

ಹುಡುಗಿಯ ಕಣ್ಣು ತುಂಬಿತು. ಹಮೀದಾಗೆ ಕರುಣೆ ಬರಲಿಲ್ಲ, ಆದರೆ ಕಾರಬೇಕೆಂದು ವರ್ಷಕ್ಕೂ ಮೇಲಿಂದ ಕೂಡಿಟ್ಟಿದ್ದ ಬೈಗುಳ ಯಾವುದೂ ನಾಲಿಗೆಗೆ ಬರಲಿಲ್ಲ.

“ಅಳಬೇಡ, ಅದ್ರಿಂದ ಯಾರ್ಗೂ ಉಪಯೋಗ ಇಲ್ಲ. ನೀನು ಮುಟ್ಟಲಿಲ್ಲ. ಮುಟ್ಟಿದ್ಳಾ ಅಂತ ನಾನು ಕೇಳಲಿಲ್ಲ. ಪಾಪ ಇಬ್ಬರದೂ ಐತೆ. ಎಂಬತ್ತು ಆಗ್ದಿದ್ರೆ ಎಂಟು ಬರಿ. ಬೈಯೋರು ಬಂದ್ರೆ ಹೊರಗೆ ನಾನಿದೀನಿ. ಹೋಗು, ಕೈ ಹಾಕು.”

ಹರಿಣಿ ಮೊಣಕೈಯಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು. ನಲ್ಲಿಯ ಸದ್ದು ಕೇಳಿಸಿತು. ಬಹಳ ಹೊತ್ತು ಯಾರೂ ಹೊರಗೆ ಬರಲಿಲ್ಲ. ಸಾಲಿನಲ್ಲಿದ್ದವರು ಗೊಣಗತೊಡಗಿದರು, ಬಾದಾಮಿ ಹಾಲಿಗೆ ಕೆನೆ ಕಟ್ಟಿತು. ಕೊನೆಗೆ ಪರದೆ ಸರಿಯಿತು. ರವಿಕೆಯ ಗುಂಡಿ ಹಾಕಿಕೊಳ್ಳುತ್ತಾ ಒಬ್ಬ ಮುದುಕಿ ಬಂದಳು, ಎಪ್ಪತ್ತರ ಮೇಲಿನವಳು, ಚೀಟಿಯಿಲ್ಲದಿದ್ದರೂ ಹರಿಣಿ ಒಳಗೆ ಕರೆದುಕೊಂಡವಳು. ರಮೇಶ್‌ಬಾಬು ಅವಳನ್ನು ನೋಡಿ, ಆಮೇಲೆ ಹಮೀದಾಳನ್ನು ನೋಡಿ, ಮುಖ ಟ್ಯಾಬಿಗೆ ತಿರುಗಿಸಿದ.

“ಮುಟ್ಟಿದ್ಳಾ?” ಅಂದಳು ಹಮೀದಾ.

“ಹ್ಞೂಂ ತಾಯಿ,” ಅಂದಳು ಮುದುಕಿ. “ಕೈ ತಣ್ಣಗಿತ್ತು.”